ಉಣಿಸಿ ಕಳಿಸಿದ ಸಾಕ್ಷಿ

ಕಣ್ಣಿಗೆ ಕಂಡದ್ದೆಲ್ಲ ಸಾಕ್ಷಿಯಾಗುವುದಾದರೆ ನಮ್ಮ ಸಗರನಾಡಿನ ಓಣಿಗಳಲ್ಲಿ ನಿರಪರಾಧಿ ಸೊಸೆಯಂದಿರೇ ಇರುತ್ತಿರಲಿಲ್ಲ. ಸಾಕ್ಷಿಯನ್ನೂ ಪರೀಕ್ಷಿಸಬೇಕು ಎಂದು ನನಗೆ ತಿಳಿಹೇಳಿದವಳು, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು.

ಅವಳದು ಕೋಳಿಯ ಭ್ರೂಣದಲ್ಲಿ ಬೆರಳು ಮೂಡುವ ಬಗೆ ನೋಡುವ ಕೆಲಸ. ಅದಕ್ಕೆ ಬೇಕಾದ ಪ್ರೋಟೀನಿನ ಹೆಸರು ಸಾನಿಕ್ ಹೆಡ್ಜ್‌ಹಾಗ್. ಹೆಸರು ಕೇಳಿ ನಗಬೇಡಿ. 1980ರಲ್ಲಿ ಜರ್ಮನಿಯ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಎಂಬಾಕೆ ಜೊತೆಗಾರ ಎರಿಕ್ ವೀಶೌಸ್ ಅವರೊಡನೆ ಹಣ್ಣಿನ ನೊಣದ ಜೀನುಗಳ ಬಗ್ಗೆ ಬರೆದರು. ಒಂದು ಜೀನು ಕೆಟ್ಟರೆ ಮರಿಹುಳದ ಮೈಯೆಲ್ಲ ಮುಳ್ಳು. ಆದ್ದರಿಂದ ಮುಳ್ಳುಮೈಯ ಪ್ರಾಣಿಯ ಹೆಸರು. 1995ರಲ್ಲಿ ಅವರಿಗೆ ನೊಬೆಲ್ ಬಂತು. ಬೆನ್ನೆಲುಬಿನ ಪ್ರಾಣಿಗಳಲ್ಲಿ 1993ರಲ್ಲಿ ಸಿಕ್ಕ ಅದರ ಬಂಧುವಿಗೆ ಮಕ್ಕಳ ವಿಡಿಯೋ ಆಟದ ಹೆಸರಿಟ್ಟರು.

ಈ ಪ್ರೋಟೀನು ಎಲ್ಲಿದೆಯೆಂದು ತೋರಿಸಲು ಆಂಟಿಬಾಡಿ ಬೇಕು. ಅದು ಹೋಗಿ ಅಂಟಿಕೊಂಡಲ್ಲಿ ಕಂದು ಕಲೆ ಬೀಳುವಂತೆ ಮಾಡುತ್ತಾರೆ.

"ಕಲೆ ಬಂತಂದ್ರ ಮುಗೀತಲ್ಲ?" ಎಂದೆ.

"ಇಲ್ಲ ದೊಡ್ಡವ್ವ. ಸುಳ್ಳು ಕಲೆನೂ ಬರ್ತಾವ."

ಅದಕ್ಕೊಂದು ಉಪಾಯವಿದೆಯಂತೆ. ಆಂಟಿಬಾಡಿ ಹಿಡಿಯುವ ತುಣುಕನ್ನಷ್ಟೇ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ತಯಾರಿಸುತ್ತಾರೆ. ಮೆರಿಫೀಲ್ಡ್ 1963ರಲ್ಲಿ ತೋರಿಸಿದ ವಿಧಾನ ಅದು. ಈ ಪೆಪ್ಟೈಡನ್ನು ಧಾರಾಳವಾಗಿ ಬೆರೆಸಿಟ್ಟರೆ ಆಂಟಿಬಾಡಿಗೆ ಮನೆಯಲ್ಲೇ ಹೋಳಿಗೆ ಉಣಿಸಿ ಬೀಗರ ಮನೆಗೆ ಕಳಿಸಿದಂತೆ. ಅಲ್ಲಿ ಮತ್ತೆ ಹೋಳಿಗೆಗೆ ಕೈ ಹಾಕದು. ಉಣದೆ ಹೋದ ಆಂಟಿಬಾಡಿ ಬಿಡಿಸಿದ ಕಲೆ, ಉಂಡು ಹೋದದ್ದರಲ್ಲಿ ಮಾಯವಾಗಬೇಕು. ಆಗಲೂ ಉಳಿದರೆ ಆ ಕಲೆ ಸುಳ್ಳು. ಮಾಯವಾದರೂ ಪೂರ್ತಿ ನಂಬುವಂತಿಲ್ಲ, ಅಂಥದೇ ತುಣುಕು ಬೇರೆ ಪ್ರೋಟೀನಿನಲ್ಲೂ ಇರಬಹುದು. ಆ ಪ್ರೋಟೀನೇ ಇಲ್ಲದ ಕಡೆಯೂ ನೋಡಬೇಕು.

ಇದನ್ನು ಕೇಳುವಾಗ ಸುರಪುರದ ನಮ್ಮ ನೆರೆಮನೆಯ ಸೊಸೆ ನೆನಪಾದಳು. ಅವಳ ಕೂಸಿಗೆ ಹೆಬ್ಬೆರಳಿನ ಮಗ್ಗುಲಲ್ಲಿ ಇನ್ನೊಂದು ಬೆರಳು. ಗ್ರಹಣದಲ್ಲಿ ಈಳಿಗೆ ಮುಟ್ಟಿದ್ದಕ್ಕೇ ಹೀಗಾಯಿತೆಂದು ಓಣಿಯೆಲ್ಲ ತೀರ್ಪು ಕೊಟ್ಟಿತ್ತು. ಆಕೆ ಕೂಸಿನ ಕೈಯನ್ನು ಸೆರಗಿನಿಂದ ಹೊರಗೆ ಬಿಡುತ್ತಿರಲಿಲ್ಲ. ಕೆಲವು ಮನೆತನಗಳಲ್ಲಿ ಇಂಥ ಬೆರಳು ಹುಟ್ಟುವುದು ಹೆಡ್ಜ್‌ಹಾಗ್ ಜೀನು ಹೆಬ್ಬೆರಳಿನ ಕಡೆಗೂ ಕೆಲಸ ಮಾಡುವಂತೆ ಆಗುವ ಬದಲಾವಣೆಯಿಂದ. ಅದು ಪೀಳಿಗೆಯಿಂದ ಪೀಳಿಗೆಗೆ ಬರುವಂಥದ್ದು. ಈಳಿಗೆಗೂ ಅದಕ್ಕೂ ಸಂಬಂಧವಿಲ್ಲ.

ನನ್ನ ತಂಗಿಯ ಮಗಳು ಅವರ ಕಟ್ಟೆಯ ಮೇಲೆ ಕೂತು ಜೀನಿನ ಮಾತೆತ್ತಲಿಲ್ಲ. "ಗ್ರಹಣದಾಗ ಹೆಚ್ಚಿದ ಬ್ಯಾರೆ ಬಸುರೇರ ಮಕ್ಕಳಿಗೆ ಎಷ್ಟು ಬೆರಳ್ರಿ, ಅತ್ತಿ?" ಎಂದಷ್ಟೇ ಕೇಳಿದಳು.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ನಾ ಬಸುರಿದ್ದಾಗ ಗ್ರಹಣದ ದಿನಾನೂ ಹತ್ತಿ ಹೊಲದಾಗ ಕುರ್ಪಿ ಹಿಡದು ಕಸ ತೆಗದೀನವ್ವ," ಎಂದರು. "ನನ್ನ ಮಗಗ ಐದ ಬೆರಳು."