ಗದ್ದದ ಮೇಲಿನ ಒಂಬತ್ತು

ಮಣಿನಗರಕ್ಕೆ ಬಂದು ಹದಿನೈದು ವರ್ಷಗಳಾದವು. ತರಕಾರಿ ಕೊಳ್ಳುವಷ್ಟು, ರಿಕ್ಷಾದವರೊಡನೆ ಚೌಕಾಸಿ ಮಾಡುವಷ್ಟು ಗುಜರಾತಿ ನನಗೆ ಬರುತ್ತದೆ. ಆದರೆ ಕಾಯಿಲೆಗಳ ಹೆಸರನ್ನು ಯಾರೂ ಮುಂಚಿತವಾಗಿ ಕಲಿತಿರುವುದಿಲ್ಲ. ಗದ್ದದ ಮೇಲೆ ಸಾಸಿವೆ ಗಾತ್ರದ ನರಹುಲಿಯೊಂದು ಮೂಡಿ, ಎರಡೇ ತಿಂಗಳಲ್ಲಿ ಒಂಬತ್ತಾದಾಗ ನೆರೆಮನೆಯ ಹಿರಿಯರು ನೋಡಿ "ಮಸಾ" ಎಂದರು.

ಮರುದಿನ ರೈಲು ನಿಲ್ದಾಣದ ಹಾದಿಯಲ್ಲಿ ಅದೇ ಶಬ್ದ ಒಂದು ಫಲಕದ ಮೇಲೆ ಕಂಡಿತು: "ಹರಸ್, ಮಸಾ, ಭಗಂದರ್". ಅಕ್ಕಪಕ್ಕದ ಶಬ್ದಗಳ ಗೊಡವೆಗೆ ಹೋಗದೆ ಒಳಹೊಕ್ಕೆ. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಕಾಂಪೌಂಡರ್ ಕೇಳಿದ. ಕ್ಷೌರ ಮಾಡಿಕೊಳ್ಳುವಾಗ ಮಾತ್ರ ಎಂದೆ. ಅವನು ಬರೆಯುವುದನ್ನು ನಿಲ್ಲಿಸಿ ಮೊದಲ ಬಾರಿಗೆ ನನ್ನ ಮುಖ ನೋಡಿದ. ಅದು ಮೂಲವ್ಯಾಧಿಯ ಚಿಕಿತ್ಸಾಲಯ. ಗುಜರಾತಿಯಲ್ಲಿ ಎರಡಕ್ಕೂ ಮಸಾ ಎಂಬುದೇ ಬಳಕೆ. ಈ ಗೊಂದಲ ಹಳೆಯದೆಂಬುದಷ್ಟೇ ನನಗಿದ್ದ ಸಮಾಧಾನ. ಸುಶ್ರುತನೂ ಚರ್ಮಕೀಲವನ್ನು ವಿವರಿಸಿರುವುದು ನಿದಾನಸ್ಥಾನದ ಅರ್ಶಸ್ಸಿನ ಅಧ್ಯಾಯದಲ್ಲಿಯೇ.

ಆಗ ಅಮ್ಮ ಸಾಗರದಿಂದ ಬಂದಿದ್ದರು. ಕುದುರೆಬಾಲದ ಕೂದಲು ಕಟ್ಟೋಣವೆಂದರೆ ನನ್ನವು ತೊಟ್ಟಿಲ್ಲದ ಚಪ್ಪಟೆ ನರಹುಲಿಗಳು. ಸುಣ್ಣಕ್ಕೆ ಬಟ್ಟೆಸೋಡಾ ಕಲಸಿ, ಬೆಂಕಿಕಡ್ಡಿಯ ತುದಿಯಿಂದ ದೊಡ್ಡದೊಂದಕ್ಕೆ ತಾವೇ ಮುಟ್ಟಿಸಿದರು. ಅವೆರಡೂ ನೀರಿನಲ್ಲಿ ಕೂಡಿದರೆ ಕಾಸ್ಟಿಕ್ ಸೋಡಾ ಆಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೆ. ಅಮ್ಮನ ಮುಂದೆ ಕುಳಿತಾಗ ನೆನಪಾಗಲಿಲ್ಲ. ಹುಣ್ಣಾಗಿ, ಮಾಗಿ, ಬಿಳಿಯ ಕಲೆ ಉಳಿಯಿತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇಷ್ಟಾದರೂ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡುತ್ತಲೇ ಇದ್ದೆ. ಹೋಗುವಂತೆ ಮಾಡಿದ್ದು ನಾಲ್ಕು ವರ್ಷದ ಮಗಳ ಕೆನ್ನೆ. ಸಂಜೆ ಕಾಂಕರಿಯಾ ಕೆರೆಯ ಸುತ್ತ ಅವಳನ್ನು ಎತ್ತಿಕೊಂಡು ನಡೆಯುವುದು ನಮ್ಮ ವಾಡಿಕೆ. ನಿದ್ದೆ ಬಂದರೆ ನನ್ನ ಮುಖಕ್ಕೆ ಮುಖ ಒತ್ತಿ ಮಲಗುವಳು. ಒಂದು ದಿನ ಅವಳ ಕಣ್ಣಿನ ಕೆಳಗೆ ಅಂಥದೇ ಒಂದು ಕಾಳು ಕಂಡಿತು.

ಚರ್ಮವೈದ್ಯೆ ನನ್ನ ಗದ್ದ ನೋಡಿ ಮೊದಲು ಕೇಳಿದ್ದು ರೇಜರಿನ ಬಗ್ಗೆ. ಇದು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಕೆಲಸ; ಅಲಗು ಎಳೆದಲ್ಲೆಲ್ಲ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ವೈರಸ್ಸು ಅವುಗಳಲ್ಲಿ ಇಳಿಯುತ್ತದೆ. ನನ್ನ ಒಂಬತ್ತೂ ಒಂದೇ ಸಾಲಿನಲ್ಲಿ, ಕೂರಿಗೆಯಿಂದ ಬಿತ್ತಿದಂತೆ ನಿಂತಿದ್ದುದರ ಗುಟ್ಟು ಅದು. ಕ್ಷೌರ ನಿಲ್ಲಿಸಿ, ಟವೆಲ್ ಬೇರೆ ಇಡಿ ಎಂದರು. ಕೈಕಾಲಿನ ನರಹುಲಿಗೆ ಹಚ್ಚುವ ಸ್ಯಾಲಿಸಿಲಿಕ್ ಆಮ್ಲವನ್ನು ಮುಖಕ್ಕೆ ತಾಗಿಸಬೇಡಿ ಎಂದರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಬಹುದು, ಆದರೆ ನಮ್ಮಂಥ ಕಂದು ಚರ್ಮದಲ್ಲಿ ಅದೂ ಕಲೆ ಬಿಡಬಹುದು. ನನಗೆ ರಾತ್ರಿ ಹಚ್ಚಲು ರೆಟಿನಾಯಿಕ್ ಆಮ್ಲದ ಮುಲಾಮು ಬರೆದುಕೊಟ್ಟರು. ಮಗುವಿಗೆ ಏನೂ ಬೇಡ ಎಂದರು. ದೇಹ ಗುರುತಿಸಿದ ದಿನ ತಾನೇ ಕಳಚಿ ಹಾಕುತ್ತದೆ. ಮಕ್ಕಳಲ್ಲಿ ಬಹುಪಾಲು ಎರಡು ವರ್ಷದೊಳಗೆ ಮಾಯವಾಗುತ್ತವೆ.

ಏನೂ ಮಾಡದಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಮಗಳು ಹತ್ತಿರ ಬಂದರೆ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಕಾರಣ ಹೇಳಿದರೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅಮ್ಮ ಊರಿಗೆ ಮರಳಿ, ದೇವರಿಗೆ ಉಪ್ಪು-ಮೆಣಸಿನ ಹರಕೆ ಹೊತ್ತರು. ತಾನಾಗಿಯೇ ಹೋಗುತ್ತದಂತೆ ಎಂದು ಫೋನಿನಲ್ಲಿ ಹೇಳಿದೆ. "ತಾನಾಗೇ ಹೋಗೋದಾದ್ರೆ ಹರಕೆ ಹೊತ್ರೆ ನಿಂಗೇನೋ ನಷ್ಟ?" ಎಂದರು. ಉತ್ತರವಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ತಲೆ ಬಾಚುವಾಗ ನೋಡಿದರೆ ಅವಳ ಕೆನ್ನೆ ನುಣುಪಾಗಿತ್ತು. ಯಾವ ದಿನ ಹೋಯಿತೋ ಯಾರೂ ಗಮನಿಸಿರಲಿಲ್ಲ. ನನ್ನವೂ ಒಂದೊಂದಾಗಿ ಉದುರಿದ್ದವು. ಅಮ್ಮ ಉಪ್ಪು-ಮೆಣಸು ಒಪ್ಪಿಸಿ ಬಂದರು.

ಈಗಲೂ ವೀಡಿಯೋ ಕರೆಯಲ್ಲಿ ಅವರು ಕಣ್ಣು ಕಿರಿದು ಮಾಡಿ ಕೇಳುವುದುಂಟು: "ಆ ಕಲೆ ಹೋಯ್ತೇನೋ?" ಕಾಣುವುದೇ ಇಲ್ಲ ಎನ್ನುತ್ತೇನೆ. ಸುಳ್ಳಲ್ಲ, ಗಡ್ಡ ಬಿಟ್ಟಿದ್ದೇನೆ.