ಪೊಟ್ಟಣದ ಹಿಂಬದಿಯ ಓದು

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಘೋಡ್ ನದಿಯ ದಡದಲ್ಲಿ ಶಿರೂರು ಇದೆ. ಈ ನದಿ ಮುಂದೆ ಭೀಮೆಯನ್ನು ಸೇರುತ್ತದೆ. ಆ ಭೀಮೆಯೇ ನಮ್ಮ ವಿಜಯಪುರ ಜಿಲ್ಲೆಯನ್ನೂ ಮುಟ್ಟಿ ಹರಿಯುತ್ತದೆ. ಹಾಗಾಗಿ ವರ್ಗಾವಣೆಯ ಆದೇಶ ಹಿಡಿದು ಇಲ್ಲಿಗೆ ಬಂದಾಗ ಊಟದ ತಟ್ಟೆ ನನಗೆ ಪರಕೀಯವೆನಿಸಲಿಲ್ಲ. ಇಲ್ಲಿಯ ಭಾಕ್ರಿ ನಮ್ಮ ರೊಟ್ಟಿಯೇ, ಇಲ್ಲಿಯ ಝುಣಕಾ ನಮ್ಮ ಜುಣಕವೇ. ಮಾಲದಂಡಿ ಜೋಳಕ್ಕೆ ಭಾಷೆಯ ಗಡಿ ತಿಳಿಯದು.

ಆದರೆ ಮಕ್ಕಳ ಓದಿಗಾಗಿ ಸಂಸಾರವನ್ನು ಊರಲ್ಲೇ ಬಿಟ್ಟು ಬಂದ ನೌಕರರ ಒಂಟಿ ಕೋಣೆಗಳಲ್ಲಿ ಈ ಭಾಕ್ರಿ ಬೇಯುವುದು ಅಪರೂಪ. ಮರಾಠವಾಡಾದ ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಒಂಟಿಯಾಗಿದ್ದವರು. ಕಳೆದ ವರ್ಷ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತಾರು. ಕೋಣೆ ತೆರವು ಮಾಡಲು ಹೋದಾಗ ಗೂಡಿನಲ್ಲಿ ನೂಡಲ್ಸ್, ಕ್ರೀಮ್ ಬಿಸ್ಕತ್ತು, ಸೂಪಿನ ಪುಡಿಯ ಪೊಟ್ಟಣಗಳು ಸಾಲಾಗಿದ್ದವು. ಪಕ್ಕದ ಡಬ್ಬಿಯಲ್ಲಿ ಅವರ ತಾಯಿ ಕಳಿಸಿದ್ದ ಸಜ್ಜೆ ಹಿಟ್ಟು ಕಹಿಯಾಗಿ ಹೋಗಿತ್ತು. ಸಜ್ಜೆ ಹಿಟ್ಟಿನ ಸ್ವಭಾವವೇ ಅದು: ಕಾಳಿನೊಳಗಿನ ಎಣ್ಣೆ ಬೀಸಿದ ಕೆಲವೇ ದಿನಗಳಲ್ಲಿ ಕೆಡತೊಡಗುತ್ತದೆ. ಬಿಸ್ಕತ್ತಾದರೋ ಇನ್ನೂ ಗರಿಗರಿಯಾಗಿತ್ತು.

ಆ ಸಾವಿಗೆ ಆ ಪೊಟ್ಟಣಗಳೇ ಕಾರಣವೆಂದು ಹೇಳಲಾರೆ. ಅವರಿಗೆ ರಕ್ತದೊತ್ತಡವಿತ್ತು, ಸಿಗರೇಟಿನ ಅಭ್ಯಾಸವೂ ಇತ್ತು. ಒಬ್ಬ ಮನುಷ್ಯನ ಸಾವನ್ನು ಯಾವ ಅಂಕಿಸಂಖ್ಯೆಯೂ ವಿವರಿಸಲಾರದು. ಆದರೂ ಬಹುಜನರ ಲೆಕ್ಕ ಬೇರೆಯದನ್ನು ಹೇಳುತ್ತದೆ. ಬ್ರೆಜಿಲ್ಲಿನ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಂಟೇರೊ 2009ರಲ್ಲಿ ಆಹಾರವನ್ನು ಪೋಷಕಾಂಶಗಳಿಂದಲ್ಲದೆ ಸಂಸ್ಕರಣೆಯ ಪ್ರಮಾಣದಿಂದ ಅಳೆಯಬೇಕೆಂದರು. ಧಾನ್ಯವನ್ನು ಪಿಷ್ಟ, ಎಣ್ಣೆ, ಪ್ರೋಟೀನುಗಳಾಗಿ ಒಡೆದು, ಬಣ್ಣ, ಪರಿಮಳ, ಎಮಲ್ಸಿಫೈಯರುಗಳೊಡನೆ ಮತ್ತೆ ಕಟ್ಟಿದ್ದು ಅತಿಸಂಸ್ಕರಿತ ಆಹಾರ. ಒಂದು ಲಕ್ಷಕ್ಕೂ ಹೆಚ್ಚು ಫ್ರೆಂಚರನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ಊಟದಲ್ಲಿ ಇಂಥದರ ಪಾಲು ಶೇ. 10ರಷ್ಟು ಹೆಚ್ಚಿದಾಗ ಹೃದಯ ಮತ್ತು ರಕ್ತನಾಳಗಳ ರೋಗದ ಅಪಾಯ ಶೇ. 12ರಷ್ಟು ಹೆಚ್ಚಿತ್ತು. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆ, ಇವುಗಳ ಅತಿಯಾದ ಸೇವನೆಗೂ ಹೃದ್ರೋಗದ ಸಾವಿನ ಅಪಾಯ ಸುಮಾರು ಶೇ. 50ರಷ್ಟು ಹೆಚ್ಚಿರುವುದಕ್ಕೂ ನಂಟಿದೆಯೆಂದು ಕಂಡುಕೊಂಡಿತು.

ನಂಟು ಕಾರಣವಲ್ಲ, ನಿಜ. ಆದರೆ ಅಮೆರಿಕದ ಕೆವಿನ್ ಹಾಲ್ 2019ರಲ್ಲಿ ಇಪ್ಪತ್ತು ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಬಡಿಸಿದರು. ಸಕ್ಕರೆ, ಉಪ್ಪು, ಕೊಬ್ಬು, ನಾರುಗಳನ್ನು ಎರಡರಲ್ಲೂ ಸರಿದೂಗಿಸಿದ್ದರೂ, ಮೊದಲನೆಯದನ್ನು ಉಣ್ಣುವಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗ ತಿಂದರು. ಭಾಕ್ರಿಯನ್ನು ಅಗಿಯಲೇಬೇಕು, ಕ್ರೀಮ್ ಬಿಸ್ಕತ್ತು ಬಾಯಲ್ಲೇ ಕರಗುತ್ತದೆ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕವಿತೆಯ ಒಂದೊಂದು ಪದವನ್ನೂ ತೂಗಿ ಓದುವುದನ್ನು ಕಲಿಸಿದ್ದರು. ಆ ವಿದ್ಯೆ ಈಗ ಪೊಟ್ಟಣದ ಹಿಂಬದಿಗೆ ಸಲ್ಲುತ್ತಿದೆ. ನಮ್ಮ ದೇಶದ ನಿಯಮದಂತೆ ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಮುಂಬದಿಯಲ್ಲಿ ಗೋಧಿಯ ತೆನೆ ತೂಗುತ್ತಿದ್ದರೂ ಹಿಂಬದಿಯಲ್ಲಿ ಮೊದಲು ಬರುವುದು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ಮುಂದಿನದು ವ್ಯಾಕರಣವಿಲ್ಲದ ಅಂಕಿಗಳ ಸಾಲು.

'ಮನೆಯ ಊಟ ಮಾಡಿ' ಎಂಬ ಉಪದೇಶ ಸುಲಭ. ಅದು ಮನೆಯಲ್ಲಿ ಬಡಿಯುವ ಕೈಯೊಂದು ಇದೆಯೆಂದು ಮೊದಲೇ ನಂಬಿಕೊಂಡಿರುತ್ತದೆ. ಆ ಕೈ ನಮ್ಮ ತಾಯಂದಿರದು, ಅಕ್ಕಂದಿರದು. ಅದಕ್ಕೆ ಕೂಲಿಯ ಲೆಕ್ಕ ಎಂದೂ ಇರಲಿಲ್ಲ. ಹೊರನಾಡಿನ ಒಂಟಿ ಕೋಣೆಯಲ್ಲಿ ಆ ಕೈ ಇಲ್ಲದಾದಾಗ ತೆರವಾದ ಜಾಗಕ್ಕೆ ಪೊಟ್ಟಣ ಬಂತು. ಹೃದಯದ ಆರೋಗ್ಯ ಕೇವಲ ನಾಲಿಗೆಯ ಸಂಯಮದ ಪ್ರಶ್ನೆಯಲ್ಲ; ಅಡುಗೆಯ ದುಡಿಮೆಯನ್ನು ಯಾರು ಹೊರಬೇಕು, ಅದಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಹೌದು.

ಉತ್ತರ ನಮ್ಮ ನಾಡಿನಲ್ಲೇ ಇದೆ. ಮಹಾರಾಷ್ಟ್ರದ ಊರುಗಳಲ್ಲಿ ಹೆಂಗಸರು ಪೋಳಿ-ಭಾಜಿ ಕೇಂದ್ರಗಳನ್ನು ನಡೆಸುತ್ತಾರೆ. ವಿಜಯಪುರ, ಕಲಬುರಗಿಗಳಲ್ಲಿ ರೊಟ್ಟಿ ಬಡಿದು ಮಾರುತ್ತಾರೆ. ಊರಿಗೆ ಹೋದಾಗಲೆಲ್ಲ ನಾನೀಗ ಖಡಕ್ ರೊಟ್ಟಿಯ ಕಟ್ಟೊಂದನ್ನು ಹಣ ಕೊಟ್ಟು ತರುತ್ತೇನೆ, ಕಚೇರಿಯ ಒಂಟಿ ಗೆಳೆಯರಿಗೂ ಹಂಚುತ್ತೇನೆ. ಅದು ವಾರಗಟ್ಟಲೆ ಕೆಡುವುದಿಲ್ಲ. ಅದರ ಘಟಕಗಳು ಜೋಳ, ನೀರು, ಬೆಂಕಿ. ಜೊತೆಗೆ ಒಬ್ಬಾಕೆಯ ಶ್ರಮ.