ಕೊಡಗಿನ ಮೊಟ್ಟೆಯ ಸಾರು

ಮಡಿಕೇರಿಯಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ವಿರಾಜಪೇಟೆ. ಅಲ್ಲಿಂದ ಮುಂದೆ ಕಾಫಿಯ ತೋಟಗಳ ನಡುವೆ ಹಾದಿ ಕವಲೊಡೆಯುತ್ತ ಹೋಗುತ್ತದೆ. ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ, ಗದ್ದೆಯಾಚೆಯ ದಿಣ್ಣೆಯ ಮೇಲೆ ಹೆಂಚಿನ ಐನ್‌ಮನೆ. ಕೊಡವರ ಒಕ್ಕಕ್ಕೆ ಇದೇ ಮೂಲಮನೆ; ಹಿರಿಯರ ನೆನಪಿಗೆ ದೀಪವಿಡುವ ತಾಣ.

ಕೊಡಗಿನ ಊಟವೆಂದೊಡನೆ ಪ್ರವಾಸಿಗರಿಗೆ ನೆನಪಾಗುವುದು ಪಂದಿಕರಿ. ಆದರೆ ಮಳೆ ಹಿಡಿದ ಸಂಜೆ ಹೇಳದೆ ಕೇಳದೆ ನೆಂಟರು ಬಂದಾಗ ಮನೆಯ ಮರ್ಯಾದೆಯನ್ನು ಕಾಯುವುದು ಕೋಳಿಗೂಡಿನ ಮೊಟ್ಟೆ. ಇದರ ಪಾಕವನ್ನು ಮೊಮ್ಮಕ್ಕಳು ಪುಸ್ತಕದಿಂದ ಕಲಿತವರಲ್ಲ. ಅಜ್ಜಿಯ ಒಲೆಯ ಬಳಿ ನಿಂತು ಕಲಿತವರು.

ಆರು ಮೊಟ್ಟೆಗಳನ್ನು ಬೇಯಿಸಿ ಸುಲಿದಿಡಬೇಕು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸ್ವಲ್ಪ ಸಾಸಿವೆ, ನಾಲ್ಕು ಕಾಳು ಮೆಂತ್ಯ, ಇವನ್ನು ಎಣ್ಣೆಯಿಲ್ಲದೆ ಹುರಿಯಬೇಕು. ಎಲ್ಲಿಯವರೆಗೆ? ಗಡಿಯಾರ ಇಲ್ಲಿ ಕೆಲಸಕ್ಕೆ ಬಾರದು. ಹೊಂಬಣ್ಣ ದಾಟಿ ಕಪ್ಪಿಗೆ ತಿರುಗುವಾಗ ಪರಿಮಳ ಬದಲಾಗುತ್ತದೆ. ಅದನ್ನು ಮೂಗೇ ಗುರುತಿಸಬೇಕು. ಅರೆಗಳಿಗೆ ತಡೆದರೆ ಕಹಿ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿದ ಮೇಲೆ ಅರಿಸಿನ, ಉಪ್ಪು, ಈ ಪುಡಿ, ನೀರು ಸೇರಿಸಿ ಕುದಿಸಿ, ಗೀರು ಹಾಕಿದ ಮೊಟ್ಟೆಗಳನ್ನು ಬಿಡುತ್ತಾರೆ. ಕೊನೆಗೆ ಒಂದು ಚಿಕ್ಕ ಚಮಚ ಕಾಚಂಪುಳಿ. ಜೊತೆಗೆ ಅಕ್ಕಿರೊಟ್ಟಿಯೋ ಕಡಂಬಿಟ್ಟೋ ಇದ್ದರೆ ಮತ್ತೇನೂ ಬೇಡ.

ಈ ಕಾಚಂಪುಳಿಯಲ್ಲಿಯೇ ಕೊಡಗು ಅಡಗಿದೆ. ಮಲೆನಾಡಿಗರು ಉಪ್ಪಾಗೆಯೆನ್ನುವ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಬುಟ್ಟಿಯಲ್ಲಿ ರಾಶಿ ಹಾಕಿದರೆ ಕೊಳೆಯುತ್ತ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಿ ಸೀಸೆಗೆ ತುಂಬಿದರೆ ವರುಷಗಟ್ಟಲೆ ಕೆಡದು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಮುಂದೆ ದೇಹ ತೆಳ್ಳಗಾಗಿಸುವ ಮದ್ದೆಂಬ ಹೆಸರಿನಲ್ಲಿ ಅದು ಪರದೇಶದ ಅಂಗಡಿಗಳನ್ನೂ ಸೇರಿತು. ಅಜ್ಜಿಯಂದಿರಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ, ಅಳತೆ ತಿಳಿದಿತ್ತು.

ಇಂದು ಎಷ್ಟೋ ಐನ್‌ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಸೈನ್ಯದಲ್ಲಿ, ಹೊರದೇಶಗಳಲ್ಲಿ. ರಜೆ ಮುಗಿಸಿ ಹೊರಟ ಮೊಮ್ಮಗಳ ಚೀಲಕ್ಕೆ ಅಜ್ಜಿ ಸೀಸೆಯೊಂದನ್ನು ಬಟ್ಟೆ ಸುತ್ತಿ ಇಡುತ್ತಾಳೆ. ನಗರದ ಅನಿಲದ ಒಲೆಯ ಮೇಲೂ ಸಾರು ಅದೇ ರುಚಿ ಕೊಡುತ್ತದೆ. ಸೀಸೆ ಬರಿದಾದಾಗ ಪೇಟೆಯಲ್ಲಿ ಬೇರೊಂದು ದೊರೆಯಬಹುದು, ನಿಜ. ಆದರೆ ಹಣ್ಣು ಆಯುವುದನ್ನೂ ರಸ ಕಾಯಿಸುವುದನ್ನೂ ಕಲಿಯಬೇಕಾದರೆ ಅವಳು ಬೇಸಗೆಯ ರಜೆಯಲ್ಲಲ್ಲ, ಜಡಿಮಳೆಯಲ್ಲಿ ಬರಬೇಕು. ಅದೂ ಅಜ್ಜಿಯ ಕೈಯಲ್ಲಿ ಸೌಟು ಹಿಡಿಯುವ ಬಲವಿರುವಾಗಲೇ.